ಮುಂದಿನ ವಿಡಿಯೋ ಯಾರು ಆರಿಸಬೇಕು? ಮಗಳಿಗಾಗಿ ಮೂರು ದಾರಿ ನೋಡಿದೆ

ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಧಾರವಾಡದಲ್ಲಿ. ಚಿಗರಿ ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಏಳು ಗಂಟೆ. ಅಲ್ಲಿವರೆಗೆ ಐದು ವರ್ಷದ ಮಗಳು ಅಜ್ಜಿ ಹತ್ತಿರ ಇರುತ್ತಾಳೆ. ಊಟ ಮಾಡಿಸುವಾಗ ಅಜ್ಜಿ ಹಳೆ ಮೊಬೈಲ್ ಕೈಗೆ ಕೊಡುತ್ತಾರೆ. ಅವರನ್ನು ಏನು ಅನ್ನಲಿ? ತುತ್ತು ಒಳಗೆ ಹೋಗಬೇಕಲ್ವಾ.

ಒಂದು ಸಂಜೆ ಬಂದು ನೋಡಿದರೆ ಮಗಳು ಗೊಂಬೆಯ ತೋಳಿಗೆ ಸೇಫ್ಟಿ ಪಿನ್ ಚುಚ್ಚುತ್ತಾ ಕೂತಿದ್ದಳು. ಒಂದು ಸಲ ಚುಚ್ಚುವುದು, ಗೊಂಬೆಯ ಪರವಾಗಿ ತಾನೇ ಅಳುವುದು, ಮತ್ತೆ ಚುಚ್ಚುವುದು. ಎದೆ ಧಸಕ್ ಅಂತು. ಮೊಬೈಲ್‌ನಲ್ಲಿ ಏನೇನು ಓಡಿದೆ ಅಂತ ಹಿಂದಕ್ಕೆ ಹೋಗಿ ನೋಡಿದೆ. ಶುರುವಾಗಿದ್ದು ಬಣ್ಣಗಳ ಹಾಡಿನಿಂದ. ಏಳನೇ ವಿಡಿಯೋದಲ್ಲಿ ಅಂಥದ್ದೇ ಕಾರ್ಟೂನ್ ಮುಖಗಳು, ಆದರೆ ಮಂಚಕ್ಕೆ ಕಟ್ಟಿಹಾಕಿ ಸೂಜಿ ಚುಚ್ಚುತ್ತಿದ್ದರು. ಹೆಸರು ಇಂಗ್ಲಿಷ್‌ನಲ್ಲಿತ್ತು, ಚಿತ್ರ ಮುದ್ದಾಗಿತ್ತು. ಅಜ್ಜಿಗೆ ಹೇಗೆ ಗೊತ್ತಾಗಬೇಕು?

ಇದು ಹೊಸ ಕಾಟ ಅಲ್ಲ. 2017ರಲ್ಲಿ ಯೂಟ್ಯೂಬ್‌ನಲ್ಲಿ ಇಂಥ ವಿಡಿಯೋಗಳು ದೊಡ್ಡ ಸುದ್ದಿಯಾಗಿ, ‘ಎಲ್ಸಾಗೇಟ್’ ಅಂತ ಹೆಸರು ಬಿತ್ತು. ‘ಫ್ರೋಜನ್’ ಸಿನಿಮಾದ ಎಲ್ಸಾ, ಸ್ಪೈಡರ್‌ಮ್ಯಾನ್ ವೇಷ, ಒಳಗೆ ಹಿಂಸೆ. ಆಮೇಲೆ ಎಷ್ಟೋ ಚಾನೆಲ್ ತೆಗೆದುಹಾಕಿದರು.

ನಾನು ಮೊದಲು ನೋಡಿದ್ದು ಸುಲಭದ ದಾರಿ. ಮನೆಯಲ್ಲಿದ್ದ ಮಾಮೂಲಿ ವಿಡಿಯೋ ಆ್ಯಪ್‌ನಲ್ಲೇ ಫಿಲ್ಟರ್ ಹಾಕಿ, ತಾನಾಗಿ ಮುಂದಿನದು ಓಡುವುದನ್ನು ಬಂದ್ ಮಾಡಿದೆ. ಎರಡು ವಾರ ಇಟ್ಟೆ. ಓಡುವುದು ನಿಂತಿತು, ಆದರೆ ಕೆಳಗೆ ಸಾಲಾಗಿ ಚಿತ್ರಗಳು ಬರುವುದು ನಿಲ್ಲಲಿಲ್ಲ. ಮಗಳಿಗೆ ಓದಲು ಬರಲ್ಲ, ಬೆರಳಿಗೆ ಸಿಕ್ಕಿದ್ದನ್ನು ಒತ್ತುತ್ತಾಳೆ. ಅದೇ ಮೊಬೈಲ್‌ನಲ್ಲಿ ನನ್ನ ತಮ್ಮ ರಾತ್ರಿ ಕ್ರೈಮ್ ಸುದ್ದಿ ನೋಡುತ್ತಾನೆ. ಬೆಳಿಗ್ಗೆ ಕಾರ್ಟೂನ್ ಪಕ್ಕದಲ್ಲೇ ಹೊಡೆದಾಟದ ಚಿತ್ರ. ಮುಂದೇನು ತೋರಿಸಬೇಕು ಅಂತ ಆರಿಸುವ ಯಂತ್ರ ನೋಡುವುದು ಯಾರು ಎಷ್ಟು ಹೊತ್ತು ನೋಡಿದರು, ಯಾವುದನ್ನು ಒತ್ತಿದರು ಅನ್ನುವುದನ್ನು. ಮಗು ಹೆದರಿ ಕಣ್ಣು ಮಿಟುಕಿಸದೆ ನೋಡಿದರೂ ಅದರ ಲೆಕ್ಕದಲ್ಲಿ ನೋಡಿದ ಹಾಗೇ. ಇದು ನನಗೆ ಜಾಸ್ತಿ ನೋವು ಕೊಟ್ಟ ಮಾತು.

ಎರಡನೆಯದು ಮಕ್ಕಳಿಗಾಗಿಯೇ ಇರುವ ಯೂಟ್ಯೂಬ್ ಕಿಡ್ಸ್ ಆ್ಯಪ್, ಅದರಲ್ಲಿ ವಯಸ್ಸು ಆರಿಸಿ ಬಿಡುವುದು. ನಾಲ್ಕರವರೆಗೆ, 5ರಿಂದ 8, 9ರಿಂದ 12 ಅಂತ ಮೂರು ಗುಂಪು. ಹುಡುಕಾಟ ಬಂದ್ ಮಾಡಬಹುದು, ಟೈಮರ್ ಇದೆ. ಮೊದಲಿಗಿಂತ ಎಷ್ಟೋ ವಾಸಿ. ತಿಂಗಳು ಪೂರ್ತಿ ಕೆಟ್ಟದ್ದು ಕಣ್ಣಿಗೆ ಬೀಳಲಿಲ್ಲ. ಆದರೂ ಇಲ್ಲೂ ಮುಂದೇನು ಅಂತ ತೋರಿಸುವುದು ಯಂತ್ರವೇ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಒಂದು ಕಿವಿ ಅಲ್ಲೇ ಇಟ್ಟಿರಬೇಕಾಯಿತು.

ಉಳಿಸಿಕೊಂಡಿದ್ದು ಮೂರನೆಯದನ್ನು. ಅದೇ ಕಿಡ್ಸ್ ಆ್ಯಪ್‌ನಲ್ಲಿ ‘ಅಪ್ರೂವ್ ಕಂಟೆಂಟ್ ಯುವರ್‌ಸೆಲ್ಫ್’ ಅಂತ ಇನ್ನೊಂದು ಆಯ್ಕೆ ಇದೆ. ಅಪ್ಪ ಅಮ್ಮ ಒಪ್ಪಿದ್ದಷ್ಟೇ ಕಾಣುತ್ತದೆ, ಹುಡುಕಾಟ ಇಲ್ಲವೇ ಇಲ್ಲ. ಕೆಲಸ ಜಾಸ್ತಿ, ಅದು ನಿಜ. ಒಂದು ಭಾನುವಾರ ಪೂರ್ತಿ ಕೂತು ನಾನೇ ನೋಡಿ ನಲವತ್ತು ವಿಡಿಯೋ ಸೇರಿಸಿದೆ. ಇಡೀ ಚಾನೆಲ್ ಒಪ್ಪಲು ಧೈರ್ಯ ಬರಲಿಲ್ಲ, ಒಂದೊಂದೇ ಆರಿಸಿದೆ. ಕನ್ನಡದ ಹಾಡು, ಕಥೆಗಳನ್ನೇ ಹುಡುಕಿದೆ, ಅಜ್ಜಿಗೂ ಅರ್ಥ ಆಗಲಿ ಅಂತ. ಸೆಟ್ಟಿಂಗ್ಸ್ ತೆರೆಯಲು ಗುಣಾಕಾರದ ಲೆಕ್ಕ ಕೇಳುತ್ತದೆ. ಅಣ್ಣನ ಮಗ ನಾಲ್ಕನೇ ಕ್ಲಾಸು, ಮಗ್ಗಿ ಪಟಪಟ ಹೇಳುತ್ತಾನೆ. ಅದಕ್ಕೇ ಲೆಕ್ಕ ಬೇಡ ಅಂತ ನನ್ನದೇ ಪಾಸ್‌ಕೋಡ್ ಇಟ್ಟೆ. ನೀವೂ ಇಡಿ.

ಮೊದಲ ವಾರ ಮಗಳು ಹಟ ಮಾಡಿದಳು, ನೋಡಿದ್ದನ್ನೇ ಎಷ್ಟು ನೋಡುವುದು ಅಂತ. ಈಗ ಪ್ರತಿ ಭಾನುವಾರ ನಾಲ್ಕು ಹೊಸದು ಸೇರಿಸುತ್ತೇವೆ. ಅಜ್ಜಿ ಮತ್ತು ಅವಳು ನನ್ನ ಎರಡೂ ಪಕ್ಕ ಕೂತು ನೋಡುತ್ತಾರೆ. ಕಳೆದ ವಾರ ಅಜ್ಜಿಯೇ ಒಂದನ್ನು ಬೇಡ ಅಂದರು. ಅದರಲ್ಲಿ ನಾಯಿಮರಿಗೆ ಒದೆಯುತ್ತಿದ್ದರು, ನಾನು ಗಮನಿಸಿರಲಿಲ್ಲ.