ಕರಾವಳಿಯ ಮಳೆಗಾಲದಲ್ಲಿ ‘ಏಂಜಲ್ ಡಸ್ಟ್’: ರೆಕಾರ್ಡೋ, ಸಿಡಿಯೋ, ಸ್ಟ್ರೀಮಿಂಗೋ?

ಅಮೆರಿಕದ ರಾಕ್ ತಂಡ ಫೇತ್ ನೋ ಮೋರ್‌ನ 1992ರ ‘ಏಂಜಲ್ ಡಸ್ಟ್’ ಆಲ್ಬಮ್ಮನ್ನು ಕಾರವಾರದಲ್ಲಿ ಮೂರೂ ಬಗೆಯಲ್ಲಿ ಕೇಳಿ ನೋಡಿದ ಮೇಲೆ ನಮ್ಮ ಆಯ್ಕೆ ಸಿಡಿ. ಮೆಟಲ್, ಫಂಕ್, ಸಿನಿಮಾ ಸಂಗೀತ ಎಲ್ಲ ಇಲ್ಲಿ ಪದರ ಪದರವಾಗಿ ಕೂತಿವೆ. ‘ಮಾಲ್‌ಪ್ರ್ಯಾಕ್ಟಿಸ್’ ಹಾಡಿನ ಅಬ್ಬರದ ನಡುವೆ ರಷ್ಯಾದ ಸಂಗೀತಕಾರ ಶೋಸ್ತಕೋವಿಚ್‌ನ 8ನೇ ಸ್ಟ್ರಿಂಗ್ ಕ್ವಾರ್ಟೆಟ್‌ನ (ನಾಲ್ಕು ತಂತಿವಾದ್ಯಗಳ ಕೃತಿ) ತುಣುಕೊಂದು ಬರುತ್ತದೆ, ಕ್ರೋನೋಸ್ ಕ್ವಾರ್ಟೆಟ್ ತಂಡ ನುಡಿಸಿದ್ದು. ಆ ಪಿಟೀಲುಗಳು ಬಿಡಿಯಾಗಿ ಕೇಳಿಸಿದರೆ ನಿಮ್ಮ ಸೆಟ್ ಸರಿಯಿದೆ ಎಂದರ್ಥ. ದೊಡ್ಡ ಕಂಪನಿಯ ದುಡ್ಡಿನಲ್ಲಿ ಇಷ್ಟು ಧೈರ್ಯದ ಆಲ್ಬಮ್ ಬರುವುದು ಅಪರೂಪ.

ಮುಖಪುಟದ ಬೆಳ್ಳಕ್ಕಿಯನ್ನು 12 ಇಂಚಿನಲ್ಲಿ ನೋಡುವ ಸುಖ ರೆಕಾರ್ಡಿನಲ್ಲಿ ಮಾತ್ರ. ಆದರೆ ಆಲ್ಬಮ್ ಸುಮಾರು 59 ನಿಮಿಷದ್ದು. ಒಂದೇ ರೆಕಾರ್ಡಿಗೆ ತುರುಕಿದರೆ ಬದಿಗೆ 30 ನಿಮಿಷ; ಗೆರೆಗಳು ಒತ್ತೊತ್ತಾಗಿ ಬಾಸ್ ಸೊರಗುತ್ತದೆ, ಒಳಸುತ್ತಿನ ಹಾಡುಗಳಲ್ಲಿ ಸಿಂಬಲ್ ಒಡಕಾಗುತ್ತದೆ. ಕೊಳ್ಳುವುದಾದರೆ ಎರಡು ರೆಕಾರ್ಡಿನ ಮುದ್ರಣವನ್ನೇ ಕೊಳ್ಳಿ. ಇನ್ನು ಬೂಷ್ಟು. ಜೂನ್ ಹಿಡಿದರೆ ಕಾಗದದ ಒಳಚೀಲ ತೇವ ಹೀರುತ್ತದೆ, ಬೂಷ್ಟು ಅಲ್ಲಿಂದ ಗೆರೆಗೆ ದಾಟುತ್ತದೆ, ಮುಳ್ಳು ಹಾದಾಗಲೆಲ್ಲ ಚಟಪಟ. ಒಳಚೀಲ ಪ್ಲಾಸ್ಟಿಕ್ಕಿನದಿರಲಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಬೂಷ್ಟು ಆಗಲೇ ಹಿಡಿದಿದ್ದರೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಲೇಬಲ್ ಒದ್ದೆಯಾಗದಂತೆ, ಗೆರೆ ಸುತ್ತುವ ದಿಕ್ಕಿನಲ್ಲೇ ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ತೊಳೆದು ನೆರಳಲ್ಲಿ ನೆಟ್ಟಗೆ ನಿಲ್ಲಿಸಿ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಸ್ಟ್ರೀಮಿಂಗ್ ಅಗ್ಗ, ಬೂಷ್ಟಿನ ಕಾಟವಿಲ್ಲ. ಆದರೆ ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ನೆಟ್‌ವರ್ಕ್ ಕೈಕೊಡುತ್ತದೆ. ಮನೆಯಲ್ಲೇ ಹೆಚ್ಚಿನ ಗುಣಮಟ್ಟದಲ್ಲಿ, ಅಂದರೆ 320 ಕೆಬಿಪಿಎಸ್‌ನಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ, ಸುಮಾರು 140 ಎಂಬಿ. ಹಾಡುಗಳ ದನಿ ಸಮ ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಇಲ್ಲದಿದ್ದರೆ ಕೊನೆಯ ‘ಮಿಡ್‌ನೈಟ್ ಕೌಬಾಯ್’ ಅದರ ಹಿಂದಿನ ಅಬ್ಬರದ ಹಾಡಿನಷ್ಟೇ ಜೋರಾಗಬಹುದು. ಬ್ಲೂಟೂತ್‌ಗಿಂತ ವೈರಿನ ಇಯರ್‌ಫೋನ್ ವಾಸಿ.

ಸಿಡಿಯಲ್ಲಿ ಬದಿ ಮಗುಚುವ ಕೆಲಸವಿಲ್ಲ, ಇಡೀ ಆಲ್ಬಮ್ ಒಂದೇ ಉಸಿರಿಗೆ. ಪಿಟೀಲಿನ ತುಣುಕು ಸ್ಪಷ್ಟವಾಗಿ ಸಿಕ್ಕಿದ್ದೂ ಇದರಲ್ಲೇ. ತೊಂದರೆ ಬರುವುದು ಪ್ಲೇಯರಿನಿಂದ: ತೇವಕ್ಕೆ ಲೆನ್ಸ್ ಮಂಜಾದರೆ ಡಿಸ್ಕ್ ಓದದೆ ತಿರುಗುತ್ತಲೇ ಇರುತ್ತದೆ. ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಒತ್ತದೆ ಒರೆಸಿ. ಉಪ್ಪುಗಾಳಿಗೆ ಪ್ಲೇಯರಿನ ಕೇಬಲ್ ತುದಿಯ ಆರ್‌ಸಿಎ ಪಿನ್ ಕಪ್ಪಾಗಿ ಒಂದು ಸ್ಪೀಕರ್ ಸತ್ತರೆ, ಸೆಟ್ ಆಫ್ ಮಾಡಿ ಪಿನ್ ಕಿತ್ತು, ಅದೇ ಆಲ್ಕೋಹಾಲಿನಲ್ಲಿ ಉಜ್ಜಿ, ಒಣಗಿದ ಮೇಲೆ ಸಿಕ್ಕಿಸಿ. ಪುಸ್ತಿಕೆಯ ಹಾಳೆಗಳು ಒಂದಕ್ಕೊಂದು ಅಂಟುವ ಮೊದಲೇ ಹೊರತೆಗೆದು ಬೇರೆ ಕವರಿನಲ್ಲಿಡಿ, ಜೊತೆಗೆ ಸಿಡಿಯ ಫ್ಲ್ಯಾಕ್ (ಗುಣಮಟ್ಟ ಕುಂದದ ಆಡಿಯೋ ಫೈಲ್) ಪ್ರತಿಯೊಂದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.