ಟ್ರೊಮ್ಸೊದಿಂದ ಹೊರಡುವ ಧ್ರುವಪ್ರಭೆ ಪ್ರವಾಸ: ಕತ್ತಲೆಯನ್ನು ಅರಸಿ ಹೋಗುವ ಸೇವೆ

ಉತ್ತರ ನಾರ್ವೆಯ ಟ್ರೊಮ್ಸೊ ನಗರದ ಬೀದಿಗಳಿಂದಲೂ ಪ್ರಬಲವಾದ ಧ್ರುವಪ್ರಭೆ (ಧ್ರುವಗಳ ಸಮೀಪ ರಾತ್ರಿಯಾಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅರೋರಾ) ಕಾಣುತ್ತದೆ. ಆದರೆ ಮಂದ ಪ್ರಭೆಯನ್ನು ದೀಪಗಳ ಬೆಳಕು ನುಂಗಿಬಿಡುತ್ತದೆ. ಆ ಕಾರಣಕ್ಕೇ ಸಣ್ಣ ಗುಂಪನ್ನು ವ್ಯಾನಿನಲ್ಲಿ ಊರಾಚೆ ಕರೆದೊಯ್ಯುವ ಮಾರ್ಗದರ್ಶಿ ಸೇವೆಯೊಂದನ್ನು ಆರಿಸಿಕೊಂಡೆವು.

ಇಲ್ಲಿ ನಾವು ಹಣ ಕೊಡುವುದು ಮುಖ್ಯವಾಗಿ ಮಾರ್ಗದರ್ಶಿಯ ಹವಾಮಾನ ಜ್ಞಾನಕ್ಕೆ. ಕರಾವಳಿಯ ಮೇಲೆ ಮೋಡ ಕವಿದಿರುವುದನ್ನು ಉಪಗ್ರಹ ಚಿತ್ರದಲ್ಲಿ ಕಂಡ ಅವರು, ಭೂಮಿಯ ಕಾಂತಕ್ಷೇತ್ರದ ಏರುಪೇರನ್ನು ಅಳೆದು ಧ್ರುವಪ್ರಭೆಯ ಸಾಧ್ಯತೆಯನ್ನು ತಿಳಿಸುವ ಕೆಪಿ ಸೂಚ್ಯಂಕ ಎಷ್ಟೇ ಏರಿದರೂ ಮೋಡದಡಿ ಅದರಿಂದ ಪ್ರಯೋಜನವಿಲ್ಲವೆಂದು ವಿವರಿಸಿ, ಪರ್ವತಗಳ ಮರೆಯಲ್ಲಿ ಒಣಹವೆಯಿರುವ ಸ್ಕಿಬೊಟ್ನ್ ಕಣಿವೆಯತ್ತ, ಅಂದರೆ ಫಿನ್‌ಲೆಂಡ್ ಗಡಿಯ ದಿಕ್ಕಿಗೆ, ವ್ಯಾನು ತಿರುಗಿಸಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕೆಂದು ತಿಳಿಸಿ, ಎಲ್ಲರ ಫೋನುಗಳನ್ನೂ ಜೇಬಿಗೆ ಹಾಕಿಸಿದರು. ಮೊದಲು ತೆಳುಮೋಡದಂತೆ ಬಿಳಿಚಿಕೊಂಡಿದ್ದ ಪಟ್ಟೆಯೊಂದು ನೋಡನೋಡುತ್ತಲೇ ಹಸಿರೇರಿ, ಅಂಚಿನಲ್ಲಿ ನೆರಿಗೆ ನೆರಿಗೆಯಾಗಿ ಅಲುಗಾಡತೊಡಗಿತು. ನೂರು ಕಿಲೋಮೀಟರಿಗೂ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು ಹೊಮ್ಮಿಸುವ ಈ ಹಸಿರು, ಕ್ಯಾಮೆರಾದಲ್ಲಿ ಕಾಣುವಷ್ಟು ಗಾಢವಾಗಿ ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣುವುದಿಲ್ಲವೆಂದು ಅವರು ಮುಂಚೆಯೇ ಹೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಒಂದು ಕೊರತೆಯನ್ನು ಮಾತ್ರ ಗಟ್ಟಿಯಾಗಿ ಹೇಳಲೇಬೇಕು. ಟ್ರೈಪಾಡ್ ಜೋಡಿಸಲು ಸಹಾಯಕರು ಪದೇ ಪದೇ ಬಿಳಿ ಟಾರ್ಚು ಹೊತ್ತಿಸಿದ್ದರಿಂದ, ಅಷ್ಟು ಹೊತ್ತು ಕಾದು ಪಳಗಿಸಿಕೊಂಡ ಕಣ್ಣು ಮತ್ತೆ ಮತ್ತೆ ಕೋರೈಸುತ್ತಿತ್ತು. ಕತ್ತಲೆಯನ್ನೇ ಮಾರುವ ಸಂಸ್ಥೆ ಕೆಂಪು ಟಾರ್ಚನ್ನಾದರೂ ಇಟ್ಟುಕೊಳ್ಳಬೇಡವೇ? ಬಾಡಿಗೆಯ ಬೆಚ್ಚನೆಯ ಉಡುಪು ಚೆನ್ನಾಗಿತ್ತು.

ಹೋಗುವವರು ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ, ಹುಣ್ಣಿಮೆಯ ಆಸುಪಾಸನ್ನು ಬಿಟ್ಟು, ಮೋಡಕ್ಕೆಂದು ಹೆಚ್ಚುವರಿ ರಾತ್ರಿಗಳನ್ನು ಇಟ್ಟುಕೊಂಡೇ ಕಾಯ್ದಿರಿಸುವುದು ಒಳ್ಳೆಯದು.