ಮಾರಿಸ್ ಮೈನರ್‌ನ ಎಸ್‌ಯು ಕಾರ್ಬುರೇಟರ್‌ಗೆ ರಿಪೇರಿ ಕಿಟ್: ದೀರ್ಘಕಾಲದ ಬಳಕೆಯ ನಂತರ

ಎಂಜಿನ್‌ಗೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಕಾರ್ಬುರೇಟರಿನಿಂದ ಪೆಟ್ರೋಲ್ ಸೋರುವುದನ್ನು ಹಳೆಯ ಕಾರಿನ ಸಹಜ ಗುಣವೆಂದು ಸುಮ್ಮನೆ ಬಿಡುವವರಿದ್ದಾರೆ. ಮಾರಿಸ್ ಮೈನರ್ 1000 ಎಂಬ ಹಳೆಯ ಬ್ರಿಟಿಷ್ ಕಾರು ಇಟ್ಟುಕೊಂಡವರು ಮಾತ್ರ ಹಾಗೆ ಬಿಡಲೇಬಾರದು. ಅದರ 1098 ಸಿಸಿ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಬಿಸಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದೇ ಮಗ್ಗುಲಲ್ಲಿರುವುದರಿಂದ, ತೊಟ್ಟಿಕ್ಕುವ ಪೆಟ್ರೋಲಿಗೂ ಕಾದ ಕಬ್ಬಿಣಕ್ಕೂ ಇರುವ ಅಂತರ ತೀರಾ ಕಡಿಮೆ. ನನ್ನ ಕಾರಿನ ಎಸ್‌ಯು ಎಚ್‌ಎಸ್2 ಕಾರ್ಬುರೇಟರಿಗೆ ಇಂಗ್ಲೆಂಡಿನ ಬರ್ಲೆನ್ ಸಂಸ್ಥೆಯು ಎಸ್‌ಯು ಹೆಸರಿನಲ್ಲೇ ಮಾರುವ ಬಿಡಿಭಾಗಗಳನ್ನು ತರಿಸಿ ಹಾಕಿಸಿದ್ದೆ. ಅಂದಿನಿಂದ ಕಾರು ನಿಯಮಿತವಾಗಿ ಓಡುತ್ತಿದೆ, ಸೋರಿಕೆ ಮರುಕಳಿಸಿಲ್ಲ.

ಇದಕ್ಕೂ ಮೊದಲು ಅಗ್ಗದ, ತಯಾರಕರ ಹೆಸರಿಲ್ಲದ ಕಿಟ್ ಒಂದನ್ನು ಬಳಸಿ ನೋಡಿದ್ದೆ. ಅದರ ರಬ್ಬರ್ ಭಾಗಗಳು ಕೆಲವೇ ತಿಂಗಳಲ್ಲಿ ಉಬ್ಬಿ ಮೆತ್ತಗಾದವು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾದ, ಶೇ. 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯವಾಗಿರುವಾಗ, ಬಿಡಿಭಾಗ ಹೊಸದಾಗಿದ್ದರೆ ಸಾಲದು, ಅದನ್ನು ಯಾವುದರಿಂದ ಮಾಡಿದ್ದಾರೆ ಎಂಬುದೇ ಮುಖ್ಯವಾಗುತ್ತದೆ. ಕಾರ್ಬುರೇಟರಿನೊಳಗೆ ಬರುವ ಪೆಟ್ರೋಲನ್ನು ತಡೆಯುವ, ಬರ್ಲೆನ್‌ನಿಂದ ತರಿಸಿದ ಸೂಜಿ ಕವಾಟದ ತುದಿ ಎಥನಾಲ್ ತಡೆದುಕೊಳ್ಳುವ ವಿಟಾನ್ ಎಂಬ ರಬ್ಬರಿನದು. ಜೊತೆಗೆ ತರಿಸಿದ 'ಸ್ಟೇಅಪ್' ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುತ್ತ ಆ ಕವಾಟವನ್ನು ಮುಚ್ಚುವ ಭಾಗ) ಒಳಗೆ ಟೊಳ್ಳಿಲ್ಲದ ಗಟ್ಟಿ ವಸ್ತುವಿನದಾದ್ದರಿಂದ, ಹಳೆಯ ಪ್ಲಾಸ್ಟಿಕ್ ಫ್ಲೋಟಿನಂತೆ ಬಿರುಕಿನಲ್ಲಿ ಪೆಟ್ರೋಲ್ ತುಂಬಿಕೊಂಡು ಮುಳುಗುವ ಭಯವಿಲ್ಲ. ನನ್ನ ಮಟ್ಟಿಗೆ ಕೊಟ್ಟ ಹಣ ಸಾರ್ಥಕವಾದದ್ದು ಈ ಎರಡರಿಂದಲೇ.

ಆದರೆ ಕಿಟ್ ತರಿಸುವ ಮುನ್ನ ಸೋರಿಕೆ ಎಲ್ಲಿಂದ ಎಂದು ಪತ್ತೆಹಚ್ಚಬೇಕು. ಈ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನದಾಗಿರುವುದು ಇಲ್ಲಿ ದೊಡ್ಡ ಅನುಕೂಲ: ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರೆ ಪಂಪು ಸ್ವಲ್ಪ ಹೊತ್ತು ಟಿಕ್ ಟಿಕ್ ಎಂದು, ಫ್ಲೋಟ್ ಬಟ್ಟಲು ತುಂಬಿದ ಕೂಡಲೇ ಸುಮ್ಮನಾಗಬೇಕು. ಸದ್ದು ನಿಲ್ಲದೆ, ಬಟ್ಟಲಿನ ಮುಚ್ಚಳದ ಓವರ್‌ಫ್ಲೋ ಕೊಳವೆಯಿಂದ ಪೆಟ್ರೋಲ್ ಇಳಿಯುತ್ತಿದ್ದರೆ ಸೂಜಿ ಕವಾಟ ಸವೆದಿದೆ, ಇಲ್ಲವೇ ಅದರಲ್ಲಿ ಕಸ ಸಿಕ್ಕಿದೆ, ಅದೂ ಅಲ್ಲವಾದರೆ ಫ್ಲೋಟ್ ಕೆಟ್ಟಿದೆ ಎಂದರ್ಥ. ಓವರ್‌ಫ್ಲೋ ಒಣಗಿದ್ದು ಬಟ್ಟಲಿನ ತಳ ಒದ್ದೆಯಾಗಿದ್ದರೆ, ಪೆಟ್ರೋಲ್ ಹೊರಬರುವ ರಂಧ್ರವಾದ ಜೆಟ್‌ಗೆ ಹೋಗುವ ನೈಲಾನ್ ಕೊಳವೆಯ ಬುಡದಲ್ಲಿ ಸೋರದಂತೆ ತಡೆಯುವ ರಬ್ಬರ್ ಗ್ಲ್ಯಾಂಡ್ ಹೋಗಿದೆ.

ಈ ಗ್ಲ್ಯಾಂಡನ್ನು ಕೂರಿಸುವುದೇ ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಿನದು. ನೈಲಾನ್ ಕೊಳವೆಯ ತುದಿ ಗ್ಲ್ಯಾಂಡಿನಿಂದಾಚೆಗೆ ಕನಿಷ್ಠ 4.8 ಮಿ.ಮೀ. ಚಾಚಿಕೊಂಡಿರಬೇಕು, ಅದಕ್ಕಿಂತ ಕಡಿಮೆಯಾದರೆ ನಟ್ಟನ್ನು ಎಷ್ಟು ಬಿಗಿದರೂ ಸೋರಿಕೆ ನಿಲ್ಲುವುದಿಲ್ಲ, ಹೆಚ್ಚು ಬಿಗಿದಷ್ಟೂ ರಬ್ಬರ್ ಹಾಳಾಗುತ್ತದೆ. ಫ್ಲೋಟಿನ ಮಟ್ಟವನ್ನೂ ಕಣ್ಣಂದಾಜಿಗೆ ಬಿಡಬಾರದು. ಮುಚ್ಚಳವನ್ನು ತಲೆಕೆಳಗಾಗಿ ಹಿಡಿದು, ಫ್ಲೋಟ್ ತನ್ನ ಭಾರದಿಂದಲೇ ಕವಾಟವನ್ನು ಮುಚ್ಚಿರುವಾಗ, ಅದಕ್ಕೂ ಮುಚ್ಚಳದ ಅಂಚಿಗೂ ನಡುವೆ ಸುಮಾರು 3.2 ಮಿ.ಮೀ. ದಪ್ಪದ ಡ್ರಿಲ್ ಬಿಟ್ ಹಿಡಿಯುವಷ್ಟು ಸಂದು ಇರಬೇಕು. ಕೊನೆಯಲ್ಲಿ ಕಾರ್ಬುರೇಟರಿನ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟಾಗ ಅದು ಅಡ್ಡಿಯಿಲ್ಲದೆ ಬಿದ್ದು 'ಟಕ್' ಎಂದರೆ ಜೆಟ್ ನಡುವಿನಲ್ಲಿ ಸರಿಯಾಗಿ ಕುಳಿತಿದೆ ಎಂದು ನಂಬಬಹುದು.

ಖರ್ಚಿನ ವಿಷಯ ಹೇಳಲೇಬೇಕು. ಸಾಗಣೆ ಮತ್ತು ಆಮದು ಸುಂಕ ಸೇರಿದಾಗ ಈ ಪುಟ್ಟ ಪೊಟ್ಟಣ ದುಬಾರಿಯೇ. ಅಲ್ಲದೆ ಥ್ರಾಟಲ್ ಸ್ಪಿಂಡಲ್ (ಕಾರ್ಬುರೇಟರಿನ ಥ್ರಾಟಲ್ ಬಿಲ್ಲೆಯನ್ನು ತಿರುಗಿಸುವ ಕಡ್ಡಿ) ಸವೆದು ಅಲ್ಲಿಂದ ಗಾಳಿ ಎಳೆಯುತ್ತಿದ್ದರೆ ಐಡ್ಲಿಂಗ್ ಏರುಪೇರಾಗುವುದನ್ನು ಈ ಭಾಗಗಳು ಸರಿಪಡಿಸಲಾರವು. ಅದಕ್ಕೆ ಬುಷ್ ಹಾಕಿಸುವ ಲೇತ್ ಕೆಲಸವೇ ಬೇಕು. ಪೆಟ್ರೋಲ್ ಹೋಸ್ ಇದರಲ್ಲಿ ಬರುವುದಿಲ್ಲ. ಹಾಗಾಗಿ ಎಥನಾಲ್ ತಾಳುವ ಆರ್9 ದರ್ಜೆಯ ಹೋಸನ್ನು ಬೇರೆಯಾಗಿ ತರಿಸಿಕೊಂಡು, ಕಾರ್ಬುರೇಟರ್ ಬಿಚ್ಚಿರುವಾಗಲೇ ಹಳೆಯದನ್ನು ತೆಗೆದು ಅದನ್ನು ಹಾಕಿಸುವುದು ಒಳ್ಳೆಯದು.